ಗುರ್ಲಹೊಸೂರಿನ ಮಾಸ್ತರರಿಗೆ ಸಲ್ಲಬೇಕಾದ ಬಾಕಿ

1896ರ ಜನವರಿ 4ರಂದು ಆಗಿನ ಪರಸಗಡ ತಾಲೂಕಿನ, ಅಂದರೆ ಇಂದಿನ ಸವದತ್ತಿ ತಾಲೂಕಿನ ಗುರ್ಲಹೊಸೂರಿನಲ್ಲಿ ಮುಂದೆ ಸಂಶೋಧಕ ಶಂಬಾ ಜೋಶಿ ಎಂದು ಹೆಸರಾದ ಶಂಕರ ಬಾಳದೀಕ್ಷಿತ ಜೋಶಿ ಹುಟ್ಟಿದರು. ಅದೇ ತಿಂಗಳ 31ರಂದು ಧಾರವಾಡದಲ್ಲಿ ಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆ ಹುಟ್ಟಿದರು. ಈ ಎರಡು ದಿನಗಳ ನಡುವೆ, ಜನವರಿಯ ಮೂರನೆಯ ವಾರದಲ್ಲಿ, ಅಮೆರಿಕದ ಲೇಖಕ ಮಾರ್ಕ್ ಟ್ವೇನ್ ಮುಂಬೈ ಬಂದರಿನಲ್ಲಿ ಹಡಗಿನಿಂದಿಳಿದರು. ಅರವತ್ತು ವರ್ಷದ ಟ್ವೇನ್ ಊರು ನೋಡಲು ಬಂದವರಲ್ಲ. ಮೈತುಂಬ ಸಾಲ ಮಾಡಿಕೊಂಡು, ಅದನ್ನು ತೀರಿಸಲು ದೇಶದಿಂದ ದೇಶಕ್ಕೆ ಭಾಷಣ ಮಾಡುತ್ತ ಹೊರಟಿದ್ದರು. ಮೂವರ ಬದುಕಿನಲ್ಲೂ ಕಷ್ಟಕ್ಕೆ ಬರವಿರಲಿಲ್ಲ. ಆದರೆ ಲೇಖಕರ ಕಷ್ಟವನ್ನು ನಾವು ಹೇಳಿಕೊಳ್ಳುವ ರೀತಿಯಲ್ಲೇ ದೊಡ್ಡ ತಪ್ಪಿದೆ. ಸನ್ಮಾನದ ಭಾಷಣದಲ್ಲಿ, ಪಠ್ಯದ ಕವಿ ಪರಿಚಯದಲ್ಲಿ, ಜಯಂತಿಯ ದಿನದ ಪತ್ರಿಕೆಗಳಲ್ಲಿ ಬಡತನವೆಂಬುದು ಲೇಖಕನ ಕೊರಳಿಗೆ ಹಾಕುವ ಒಡವೆಯಾಗಿ ಬರುತ್ತದೆ. ಕಡುಬಡತನದಲ್ಲೂ ಸಾಹಿತ್ಯಸೇವೆ ಬಿಡಲಿಲ್ಲ ಎಂದು ಹೇಳಿ ಚಪ್ಪಾಳೆ ತಟ್ಟುತ್ತೇವೆ. ಆ ಬಡತನ ಎಲ್ಲಿಂದ ಬಂತು, ಯಾರು ಮನಸ್ಸು ಮಾಡಿದ್ದರೆ ತಪ್ಪುತ್ತಿತ್ತು, ಯಾವ ಪುಸ್ತಕ ಅದರಿಂದಾಗಿ ಹುಟ್ಟದೇ ಹೋಯಿತು ಎಂದು ಕೇಳುವವರು ಕಡಿಮೆ. ಲೇಖಕನ ಬಡತನವನ್ನು ಅವನ ಗುಣವೆಂದು ಎಣಿಸುವುದನ್ನು ಬಿಟ್ಟು, ಓದುವ ಸಮಾಜ ಕೊಡದೆ ಉಳಿಸಿಕೊಂಡ ಬಾಕಿ ಎಂದು ಎಣಿಸಬೇಕು ಎಂಬುದೇ ನನ್ನ ವಾದ. ಬಾಕಿ ಎಂದ ಮೇಲೆ ಅದನ್ನು ತೀರಿಸುವ ದಾರಿಯೂ ಇರಲೇಬೇಕು.

ಮೊದಲು ಟ್ವೇನ್ ಅವರ ಲೆಕ್ಕ ನೋಡೋಣ. ಹನ್ನೊಂದನೆಯ ವಯಸ್ಸಿಗೆ ತಂದೆಯನ್ನು ಕಳೆದುಕೊಂಡು, ಶಾಲೆ ಬಿಟ್ಟು ಮುದ್ರಣಾಲಯದಲ್ಲಿ ಮೊಳೆ ಜೋಡಿಸಲು ನಿಂತ ಹುಡುಗ ಅವರು. ತಮ್ಮ ಹೆನ್ರಿ 1858ರಲ್ಲಿ ಉಗಿದೋಣಿಯೊಂದರ ಬಾಯ್ಲರ್ ಸಿಡಿದು ಸತ್ತ. ಮೊದಲ ಮಗ ಎರಡು ವರ್ಷ ತುಂಬುವ ಮೊದಲೇ ಹೋದ. ಪುಸ್ತಕಗಳಿಂದ ಹೆಸರು, ಹಣ ಎರಡೂ ಬಂದ ಮೇಲೆ, ಮೊಳೆಗಳನ್ನು ತಾನೇ ಜೋಡಿಸುವ ಪೇಜ್ ಎಂಬ ಯಂತ್ರದ ಮೇಲೆ ವರ್ಷಗಟ್ಟಲೆ ದುಡ್ಡು ಸುರಿದರು. ಸಾವಿರಾರು ಬಿಡಿಭಾಗಗಳ ಆ ಯಂತ್ರ ಕೊನೆಗೂ ವ್ಯಾಪಾರಕ್ಕೆ ನಿಲ್ಲಲಿಲ್ಲ. ಅವರೇ ಕಟ್ಟಿದ್ದ ಪ್ರಕಾಶನ ಸಂಸ್ಥೆ 1894ರಲ್ಲಿ ದಿವಾಳಿಯಾಯಿತು. ಕಾನೂನಿನ ಪ್ರಕಾರ ಸಾಲದ ಒಂದು ಪಾಲು ಕೊಟ್ಟು ಕೈತೊಳೆದುಕೊಳ್ಳಬಹುದಿತ್ತು. ಅವರು ಪೂರ್ತಿ ತೀರಿಸುತ್ತೇನೆಂದು ಮಾತು ಕೊಟ್ಟು 1895ರಲ್ಲಿ ಹೆಂಡತಿ ಮತ್ತು ಒಬ್ಬ ಮಗಳನ್ನು ಕರೆದುಕೊಂಡು ಹೊರಟರು. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಭಾರತ, ದಕ್ಷಿಣ ಆಫ್ರಿಕಾ ಎಂದು ಒಂದು ವರ್ಷ ಸುತ್ತಿದರು. ಮುಂಬೈಗೆ ಬಂದಾಗ ಕೆಮ್ಮು ಅವರನ್ನು ಹಾಸಿಗೆಗೆ ಕೆಡವಿತ್ತು. ಆದರೂ ಮುಂಬೈ, ಪುಣೆ, ಬರೋಡಾ, ಕಲ್ಕತ್ತಾ ಎಂದು ಊರೂರಿನಲ್ಲಿ ಟಿಕೆಟ್ ಕೊಂಡು ಬಂದ ಜನರ ಮುಂದೆ ಮಾತಾಡಿದರು. ಪ್ರವಾಸ ಮುಗಿದು ಇಂಗ್ಲೆಂಡ್ ಮುಟ್ಟಿದಾಗ, ಅಮೆರಿಕದಲ್ಲಿ ಬಿಟ್ಟುಬಂದಿದ್ದ ಹಿರಿಯ ಮಗಳು ಸೂಸಿ ಮಿದುಳಿನ ಜ್ವರದಿಂದ ತೀರಿಕೊಂಡ ಸುದ್ದಿ ಬಂತು. 1898ರ ಹೊತ್ತಿಗೆ ಸಾಲವೆಲ್ಲ ತೀರಿತು. ಈ ಕಥೆಯನ್ನು ಸಾಮಾನ್ಯವಾಗಿ ಛಲದ ಕಥೆಯಾಗಿ ಹೇಳುತ್ತಾರೆ. ಛಲ ಇತ್ತು, ನಿಜ. ಆದರೆ ಅದರ ಕೆಳಗಿರುವ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯ. ಟ್ವೇನ್ ಸಾಲ ತೀರಿಸಿದ್ದು ಮಾತು ಮತ್ತು ಬರಹದಿಂದ. ಆ ಮಾತಿಗೆ ಬೆಲೆ ಕೊಟ್ಟು ಕೇಳುವ, ಆ ಬರಹವನ್ನು ಕೊಂಡು ಓದುವ ಲಕ್ಷಾಂತರ ಜನರಿದ್ದರು. ಆ ಪೇಟೆಯಿಲ್ಲದಿದ್ದರೆ ಅದೇ ಛಲದ ಮನುಷ್ಯ ಸಾಲಗಾರರಾಗಿಯೇ ಸಾಯುತ್ತಿದ್ದರು.

ಅದೇ ದೇಶದಲ್ಲಿ ಪೇಟೆ ಕೈಬಿಟ್ಟ ಲೇಖಕರಿಗೆ ಏನಾಯಿತು ಎಂಬುದಕ್ಕೆ ಹರ್ಮನ್ ಮೆಲ್ವಿಲ್ ಸಾಕ್ಷಿ. 1851ರಲ್ಲಿ ಬಂದ ಅವರ 'ಮೊಬಿ ಡಿಕ್' ಇಂದು ಜಗತ್ತಿನ ದೊಡ್ಡ ಕಾದಂಬರಿಗಳ ಸಾಲಿನಲ್ಲಿದೆ. ಅವರು ಬದುಕಿದ್ದಾಗ ಅದನ್ನು ಕೊಂಡವರು ಕೆಲವೇ ಸಾವಿರ ಮಂದಿ. ನ್ಯೂಯಾರ್ಕಿನ ಸುಂಕದ ಕಟ್ಟೆಯಲ್ಲಿ 19 ವರ್ಷ ಸರಕು ತಪಾಸಣೆ ಮಾಡಿ ಅವರು ಹೊಟ್ಟೆ ಹೊರೆದರು. ಆ ವರ್ಷಗಳಲ್ಲಿ ಅವರಿಂದ ಕಾದಂಬರಿ ಬರಲಿಲ್ಲ. ಮೆಲ್ವಿಲ್ ಅವರಿಗಿಂತ ಟ್ವೇನ್ ಹೆಚ್ಚು ಕಷ್ಟಸಹಿಷ್ಣುವಾಗಿದ್ದರು, ಆದ್ದರಿಂದ ಗೆದ್ದರು ಎಂದು ಯಾರೂ ಹೇಳಲಾರರು. ಒಬ್ಬರಿಗೆ ಕೊಳ್ಳುವ ಓದುಗರು ಸಿಕ್ಕರು, ಇನ್ನೊಬ್ಬರಿಗೆ ಸಿಗಲಿಲ್ಲ. ಟ್ವೇನ್ ಅವರಿಗೆ ಈ ಸಂಗತಿ ಚೆನ್ನಾಗಿ ತಿಳಿದಿತ್ತು. 1906ರ ಡಿಸೆಂಬರಿನಲ್ಲಿ, ಕೊರೆಯುವ ಚಳಿಯಲ್ಲಿ, ಬಿಳಿಯ ಉಡುಪು ತೊಟ್ಟು ಅವರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ನಿಂತು ಗ್ರಂಥಸ್ವಾಮ್ಯದ ಅವಧಿ ಹೆಚ್ಚಿಸಬೇಕೆಂದು ವಾದಿಸಿದರು. ಆಗ ಆ ಅವಧಿ ಒಟ್ಟು 42 ವರ್ಷವಿತ್ತು. 1909ರ ಕಾನೂನು ಅದನ್ನು 56 ವರ್ಷಕ್ಕೆ ಏರಿಸಿತು. ತನ್ನ ಮಕ್ಕಳ ಅನ್ನ ತನ್ನ ಪುಸ್ತಕದಲ್ಲಿದೆ ಎಂದು ಒಬ್ಬ ಲೇಖಕ ನಾಚಿಕೆಯಿಲ್ಲದೆ ಶಾಸನಸಭೆಗೆ ಹೇಳಿದ ಗಳಿಗೆ ಅದು. ನಮ್ಮ ಕಡೆ ಲೇಖಕ ಹೀಗೆ ರೊಕ್ಕದ ಮಾತೆತ್ತಿದರೆ ಅವನ ಸರಸ್ವತಿಸೇವೆಗೆ ಕಳಂಕ ಬಂತೆಂದು ಮುಖ ಕಿವುಚುವವರೇ ಹೆಚ್ಚು.

ಈಗ ಗುರ್ಲಹೊಸೂರಿಗೆ ಬರೋಣ. ಶಂಬಾ ಜೋಶಿಯವರು ಹುಟ್ಟಿದ ಕಾಲವೇ ಈ ಸೀಮೆಗೆ ಕೆಟ್ಟ ಕಾಲ. 1896–97ರಲ್ಲಿ ಬರ, 1899–1900ರಲ್ಲಿ ಮತ್ತೆ ಬರ; ನಡುವೆ ಮುಂಬೈಯಿಂದ ಹಬ್ಬಿದ ಪ್ಲೇಗು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಹಿಂಡಿತು. ಮಲಪ್ರಭೆಯ ದಂಡೆಯ ವೈದಿಕ ಮನೆತನದ ಹುಡುಗ ಬಾಲ್ಯದ ಕೆಲವು ವರ್ಷ ಪುಣೆಯಲ್ಲಿ ಕಳೆದು ಮರಾಠಿಯನ್ನು ಕನ್ನಡದಷ್ಟೇ ಸಲೀಸಾಗಿ ಕಲಿತ. ವಿಶ್ವವಿದ್ಯಾಲಯದ ಪದವಿ ಸಿಗಲಿಲ್ಲ. ಶಾಲಾ ಮಾಸ್ತರಿಕೆಯೇ ಬದುಕಾಯಿತು. ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕಲಿಸಿ 1946ರಲ್ಲಿ ನಿವೃತ್ತರಾದರು. ಹಗಲು ಮಕ್ಕಳಿಗೆ ಪಾಠ, ಉಳಿದ ವೇಳೆಯಲ್ಲಿ ಸಂಶೋಧನೆ. ಇಂದು ಸಂಶೋಧನೆಯೆಂದರೆ ಫೆಲೋಶಿಪ್, ಮಾರ್ಗದರ್ಶಕರು, ಗ್ರಂಥಾಲಯ, ಕ್ಷೇತ್ರಕಾರ್ಯದ ಭತ್ಯೆ ಎಲ್ಲ ಇರುತ್ತವೆ. ಮಾಸ್ತರರಿಗೆ ಇದ್ದದ್ದು ಶಾಲೆಯ ಸಂಬಳ, ಸಂಸ್ಕೃತ–ಮರಾಠಿಗಳ ತಿಳಿವಳಿಕೆ ಮತ್ತು ಊರ ಹೆಸರುಗಳನ್ನು ಕೇಳಿದೊಡನೆ ಎದ್ದು ಕೂರುವ ಕಿವಿ. ಈ ಬಂಡವಾಳದ ಮೇಲೆ ಅವರು 1933ರಲ್ಲಿ 'ಕಣ್ಮರೆಯಾದ ಕನ್ನಡ' ತಂದರು, 1947ರಲ್ಲಿ 'ಎಡೆಗಳು ಹೇಳುವ ಕಂನಾಡ ಕಥೆ' ತಂದರು, 1960ರಲ್ಲಿ ಕುರುಬರ ಸಂಸ್ಕೃತಿಯನ್ನು ಹುಡುಕಿದ 'ಹಾಲುಮತ ದರ್ಶನ' ತಂದರು. ಮಹಾರಾಷ್ಟ್ರದವರೊಡನೆ ಅವರದೇ ನುಡಿಯಲ್ಲಿ ವಾದಿಸಬೇಕೆಂದು ಮರಾಠಿಯಲ್ಲೂ ಒಂದು ಗ್ರಂಥ ಬರೆದರು. 'ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ'ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 74. ಮಡಿಕೇರಿಯಲ್ಲಿ 1981ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗ 85. 1991ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಬರಹಗಳೆಲ್ಲ ಆರು ಸಂಪುಟಗಳಾಗಿ ಒಂದೆಡೆ ಬಂದದ್ದು ಅವರು ಹೋಗಿ ಎಂಟು ವರ್ಷವಾದ ಮೇಲೆ.

ಅವರು ಮಾಡಿದ ಕೆಲಸದ ತೂಕ ತಿಳಿಯಬೇಕಾದರೆ 1933ರ ಭೂಪಟವನ್ನು ಕಣ್ಣ ಮುಂದೆ ತಂದುಕೊಳ್ಳಬೇಕು. ಆಗ ಬೈಲಹೊಂಗಲ ಸಂಪಗಾವಿ ತಾಲೂಕಿನಲ್ಲಿತ್ತು, ಸವದತ್ತಿ ಪರಸಗಡ ತಾಲೂಕಿನಲ್ಲಿತ್ತು. ಎರಡೂ ಬ್ರಿಟಿಷರ ಮುಂಬೈ ಪ್ರಾಂತದ ಭಾಗ. ಅಲ್ಲಿಂದ ಎತ್ತಿನ ಗಾಡಿ ಹೂಡಿ ಮೂಡಣಕ್ಕೆ ಹೊರಟರೆ ರಾಮದುರ್ಗ ಬೇರೊಂದು ಸಂಸ್ಥಾನ, ಅಲ್ಲಿಯ ಅರಸರೇ ಬೇರೆ. ಕಿತ್ತೂರಿನ ಕೋಟೆ ಹಾಳು ಬಿದ್ದು ನೂರು ವರ್ಷ ಮೇಲಾಗಿತ್ತು. ಕನ್ನಡಿಗರು ಹತ್ತಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಕನ್ನಡನಾಡು ಎಂಬುದೊಂದು ಇತ್ತೇ ಎಂಬ ಪ್ರಶ್ನೆಗೆ ರಾಜರ ಶಾಸನಗಳಲ್ಲಿ ಮಾತ್ರ ಉತ್ತರ ಹುಡುಕುತ್ತಿದ್ದರು. ಈ ಮಾಸ್ತರರು ಉತ್ತರವನ್ನು ಹಳ್ಳಿಯ ಹೆಸರಿನಲ್ಲಿ, ಕುರುಬರ ಹಟ್ಟಿಯಲ್ಲಿ, ಗ್ರಾಮದೇವತೆಯ ಆಚರಣೆಯಲ್ಲಿ ಹುಡುಕಿದರು. ಗೋದಾವರಿಯವರೆಗಿನ ಊರ ಹೆಸರುಗಳನ್ನು ಕೂಡಿಸಿ, ಇಂದು ಮರಾಠಿ ಆಡುವ ನೆಲದ ಅಡಿಯಲ್ಲಿ ಕನ್ನಡದ ಪದರವೊಂದಿದೆ ಎಂದು ತೋರಿಸಹೊರಟರು. ಅರಸನನ್ನು ಬಿಟ್ಟು ಜನರಿಂದ ಚರಿತ್ರೆ ಕಟ್ಟುವ ಮಾತು ಇಂದು ಎಲ್ಲ ವಿಚಾರಸಂಕಿರಣಗಳಲ್ಲೂ ಕೇಳುತ್ತದೆ. ಅವರು ಅದನ್ನು ಸುಮಾರು 90 ವರ್ಷದ ಹಿಂದೆ, ಯಾವ ಸಂಸ್ಥೆಯ ಬೆಂಬಲವೂ ಇಲ್ಲದೆ ಶುರು ಮಾಡಿದ್ದರು. ಆಮೇಲೆ ಅವರ ದಾರಿ ಇನ್ನೂ ಕಠಿಣವಾಯಿತು. ವೇದ, ಪುರಾಣ, ಜಾತಿ, ಕರ್ಮಗಳನ್ನು ಒರೆಗೆ ಹಚ್ಚಿದರು. 'ಪ್ರವಾಹಪತಿತರ ಕರ್ಮ: ಹಿಂದೂ ಎಂಬ ಧರ್ಮ' ಎಂಬ ಪುಸ್ತಕದ ಹೆಸರೇ ಅವರು ಹುಟ್ಟಿದ ಮನೆತನದ ನಂಬಿಕೆಗೆ ಹಾಕಿದ ಸವಾಲು. ಇಂಥ ಬರಹಕ್ಕೆ ಜನಪ್ರಿಯತೆ ಬರುವುದಿಲ್ಲ, ಪಠ್ಯದಲ್ಲಿ ಜಾಗ ಸಿಗುವುದಿಲ್ಲ, ಪ್ರಕಾಶಕ ಮುಂದೆ ಬರುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ನೋಡಿ, ಕಷ್ಟದಲ್ಲೇ ಎಷ್ಟು ದೊಡ್ಡ ಕೆಲಸ ಆಯಿತು ಎಂದು ಯಾರಾದರೂ ಹೇಳಬಹುದು. ಹಾಗೆ ಹೇಳುವವರು ಆರು ಸಂಪುಟಗಳನ್ನು ಒಮ್ಮೆ ಬಿಚ್ಚಿ ನೋಡಬೇಕು. ಕಷ್ಟ ಏನನ್ನು ಕಸಿದುಕೊಂಡಿತು ಎಂಬುದು ಆ ಪುಟಗಳಲ್ಲೇ ಇದೆ. ಒಂದೇ ವಿಚಾರ ಪುಸ್ತಕದಿಂದ ಪುಸ್ತಕಕ್ಕೆ ಮತ್ತೆ ಮತ್ತೆ ಬರುತ್ತದೆ. ಒಂದು ಶಬ್ದದ ಮೂಲ ಹುಡುಕುತ್ತ ಹೊರಟ ವಾಕ್ಯ ಕನ್ನಡದಿಂದ ಮರಾಠಿಗೆ, ಮರಾಠಿಯಿಂದ ಋಗ್ವೇದಕ್ಕೆ ಹಾರಿ, ಓದುವವನು ಉಸಿರು ತೆಗೆದುಕೊಳ್ಳುವ ಮೊದಲೇ ಇನ್ನೊಂದು ಶಬ್ದಕ್ಕೆ ಹೋಗಿರುತ್ತದೆ. ಅವರ ಎಷ್ಟೋ ಶಬ್ದನಿಷ್ಪತ್ತಿಗಳನ್ನು ಭಾಷಾಶಾಸ್ತ್ರಜ್ಞರು ಒಪ್ಪಿಲ್ಲ. ಧ್ವನಿಸಾಮ್ಯವನ್ನು ಸಂಬಂಧವೆಂದು ಹಿಡಿಯುವ ಅಪಾಯ ಅಲ್ಲಿ ಇದ್ದೇ ಇದೆ. ಶಂಬಾ ಅವರ ಮೇಲಿನ ಪ್ರೀತಿಯಿಂದ ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಇದಕ್ಕೆ ಕಾರಣವೇನೆಂದು ಕೇಳಬೇಕು. ಒಬ್ಬ ಪ್ರಾಧ್ಯಾಪಕನ ಊಹೆಯನ್ನು ಸಹೋದ್ಯೋಗಿಗಳು ಪ್ರಶ್ನಿಸುತ್ತಾರೆ, ವಿದ್ಯಾರ್ಥಿಗಳು ಊರೂರಿಗೆ ಹೋಗಿ ತಾಳೆ ನೋಡುತ್ತಾರೆ, ಸಂಪಾದಕ ಕತ್ತರಿ ಹಾಕುತ್ತಾನೆ. ಹೈಸ್ಕೂಲ್ ಮಾಸ್ತರರಿಗೆ ಇವರು ಯಾರೂ ಇರಲಿಲ್ಲ. ಅವರ ಹೊಳಹುಗಳು ದೊಡ್ಡವು, ತಪ್ಪುಗಳೂ ದೊಡ್ಡವು. ಆ ತಪ್ಪುಗಳನ್ನು ಅವರು ಬದುಕಿದ್ದಾಗಲೇ ಎದುರು ಕುಳಿತು ತಿದ್ದಬಹುದಾಗಿದ್ದ ವಿದ್ವತ್ತಿನ ಬಳಗವನ್ನು ನಾಡು ಅವರಿಗೆ ಕೊಡಲಿಲ್ಲ. ಬಡತನ ಮತ್ತು ಒಂಟಿತನ ಲೇಖಕನ ಮನೆಯನ್ನಷ್ಟೇ ತಟ್ಟುತ್ತವೆ ಎಂದುಕೊಳ್ಳುವುದು ಸುಲಭ. ಅವು ಅವನ ಪುಟಗಳ ಒಳಗೂ ಇಳಿಯುತ್ತವೆ, ಅಲ್ಲಿಂದ ಓದುವ ನಮ್ಮ ತಿಳಿವಳಿಕೆಗೂ ಬರುತ್ತವೆ.

ಈ ವಾದಕ್ಕೆ ಎದುರಾಗಿ ನಿಲ್ಲುವ ಅತ್ಯಂತ ಬಲವಾದ ಉದಾಹರಣೆ ಬೇಂದ್ರೆಯವರದು. 'ನರಬಲಿ' ಕವನಕ್ಕಾಗಿ 1932ರಲ್ಲಿ ಅವರನ್ನು ಹಿಂಡಲಗಾ ಜೈಲಿಗೆ ಹಾಕಿದರು, ಆಮೇಲೆ ಮುಗದ ಹಳ್ಳಿಯಲ್ಲಿ ಬಂಧನದಲ್ಲಿ ಇರಿಸಿದರು. ಹೊರಗೆ ಬಂದ ಮೇಲೆ ನೆಲೆಯಾದ ನೌಕರಿ ಇಲ್ಲ. ಹುಟ್ಟಿದ ಒಂಬತ್ತು ಮಕ್ಕಳಲ್ಲಿ ಉಳಿದವರು ಮೂವರು. ಆ ವರ್ಷಗಳಲ್ಲೇ 'ಸಖೀಗೀತ', 'ನಾದಲೀಲೆ' ಬಂದವು. ಮಗುವಿನ ಸಾವಿನ ಮೇಲೆ ಬರೆದ ಅವರ ಹಾಡು ಇಂದಿಗೂ ಈ ಸೀಮೆಯ ಮನೆಮನೆಯ ಹಾಡು. ಹಾಗಾದರೆ ಬೆಂದದ್ದರಿಂದಲೇ ಬೇಂದ್ರೆಯಾದರು ಎಂದು ಹೇಳುವುದು ತಪ್ಪೇ? ಇಲ್ಲಿ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ಮಗು ಸಾಯುವ ದುಃಖ ಅರಮನೆಗೂ ಬರುತ್ತದೆ, ಗುಡಿಸಲಿಗೂ ಬರುತ್ತದೆ. ಕವಿ ಅದನ್ನು ಹಾಡಾಗಿಸಿದರೆ ಅದು ಅವನ ಶಕ್ತಿ. ಕವಿತೆ ಬರೆದನೆಂದು ಅವನ ನೌಕರಿ ಕಿತ್ತುಕೊಳ್ಳುವುದು, ಮಾಸ್ತರಿಕೆಯೂ ಸಿಗದಂತೆ ಬಾಗಿಲು ಮುಚ್ಚುವುದು ದುಃಖವಲ್ಲ, ಅನ್ಯಾಯ. ಅದರಿಂದ ಹಾಡು ಹುಟ್ಟಿದರೂ ಅನ್ಯಾಯ ಮಾಡಿದವರಿಗೆ ಪುಣ್ಯ ಬರುವುದಿಲ್ಲ. ಕಷ್ಟವೇ ಕಾವ್ಯದ ತಾಯಿಯಾಗಿದ್ದರೆ, 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಆಮೇಲೆ ಧಾರವಾಡದ ಆಕಾಶವಾಣಿಯಲ್ಲಿ ಸಲಹೆಗಾರರಾಗಿ ತಿಂಗಳ ಸಂಬಳ ತಪ್ಪದೆ ಬಂದ ವರ್ಷಗಳಲ್ಲಿ ಬೇಂದ್ರೆ ಬತ್ತಿಹೋಗಬೇಕಿತ್ತು. ಜ್ಞಾನಪೀಠ ತಂದ 'ನಾಕು ತಂತಿ' ಬಂದದ್ದು 1964ರಲ್ಲಿ. ಅನ್ನಕ್ಕೆ ತೊಂದರೆಯಿಲ್ಲದ ಆ ದಿನಗಳ ಬೇಂದ್ರೆ ಕನ್ನಡದ ಅತ್ಯಂತ ಗಹನವಾದ ಕವಿತೆಗಳನ್ನು ಕೊಟ್ಟರು. ಇನ್ನೊಂದು ಮಾತೂ ಇದೆ. ಕಷ್ಟದಲ್ಲಿ ಬರೆದು ಉಳಿದವರ ಹೆಸರು ನಮಗೆ ಗೊತ್ತು. ಕಷ್ಟ ತಾಳಲಾರದೆ ಲೇಖನಿ ಕೆಳಗಿಟ್ಟವರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳಲ್ಲೇ ಅಂಥ ಹೆಣ್ಣುಮಕ್ಕಳು, ಅಂಥ ಕೂಲಿಯವರು ಎಷ್ಟು ಮಂದಿ ಇದ್ದಿರಬೇಕು! ಉಳಿದವರನ್ನಷ್ಟೇ ಎಣಿಸಿ ಬಡತನಕ್ಕೆ ಮಂಗಳಾರತಿ ಎತ್ತುವುದು ಅವರೆಲ್ಲರಿಗೂ ಬಗೆಯುವ ದ್ರೋಹ.

ಗಳಗನಾಥರ ವಿಷಯದಲ್ಲಿ ನಾವು ಮಾಡುವುದೂ ಇದನ್ನೇ. ಕನ್ನಡಕ್ಕೆ ಕಾದಂಬರಿ ಓದುವ ರುಚಿ ಹತ್ತಿಸಿದ, ಗಳಗನಾಥರೆಂದೇ ಹೆಸರಾದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು ಎಂಬುದನ್ನು ಎಲ್ಲರೂ ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾರೆ. ಆ ಹೊರೆ ಎಂಥದೆಂದು ನೋಡಬೇಕು. ಅಚ್ಚಾದ ಕಾಗದ ಒಣಗಿದ ಸೌದೆಗಿಂತ ಭಾರ. ನೂರು ಪುಸ್ತಕದ ಗಂಟು ಹೊತ್ತು ಎರಿಮಣ್ಣಿನ ದಾರಿಯಲ್ಲಿ ನಡೆದ ಆ ವಯಸ್ಸಾದ ಮನುಷ್ಯ ಆ ಹೊತ್ತಿನಲ್ಲಿ ಬರೆಯುತ್ತಿರಲಿಲ್ಲ. ಲೇಖಕನೇ ಪ್ರಕಾಶಕ, ಲೇಖಕನೇ ಹಮಾಲಿ, ಲೇಖಕನೇ ಅಂಗಡಿಕಾರ ಆಗಬೇಕಾಗಿದ್ದು ಅವರ ಭಕ್ತಿಯ ಗುರುತಾಗಿರಬಹುದು. ಅದು ಪುಸ್ತಕ ಕೊಳ್ಳಲು ಒಂದು ಜಾಗವನ್ನೂ ಇಟ್ಟುಕೊಳ್ಳದ ನಾಡಿನ ಗುರುತೂ ಹೌದು. ಅವರು ತೀರಿಕೊಂಡದ್ದು 1942ರಲ್ಲಿ. ಇಂದಿಗೂ ತಾಲೂಕು ಮಟ್ಟದ ಊರುಗಳಲ್ಲಿ ಪುಸ್ತಕದ ಅಂಗಡಿ ಎಂದರೆ ನೋಟ್‌ಬುಕ್, ಗೈಡ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ ಮಾರುವ ಜಾಗ. ಹತ್ತಿ, ಗೋವಿನಜೋಳ, ಕಬ್ಬಿನ ವ್ಯವಹಾರ ಕೋಟಿಗಟ್ಟಲೆ ನಡೆಯುವ ಪೇಟೆಯಲ್ಲೂ ಒಂದು ಕಾದಂಬರಿ ಬೇಕೆಂದರೆ ಧಾರವಾಡ ಇಲ್ಲವೇ ಬೆಳಗಾವಿಯ ಬಸ್ಸು ಹತ್ತಬೇಕು, ಇಲ್ಲವೇ ಮೊಬೈಲಿನಲ್ಲಿ ತರಿಸಿಕೊಳ್ಳಬೇಕು.

ಸರ್ಕಾರ ಸಂಕಷ್ಟದಲ್ಲಿರುವ ಸಾಹಿತಿ, ಕಲಾವಿದರಿಗೆ ಮಾಸಾಶನ ಕೊಡುತ್ತದಲ್ಲ, ಇನ್ನೇನು ಬೇಕು ಎಂಬ ಪ್ರಶ್ನೆ ಬರುತ್ತದೆ. ಮಾಸಾಶನ ಬೇಕು, ಇನ್ನೂ ಹೆಚ್ಚಾಗಬೇಕು. ಆದರೆ ಅದು ಬಿದ್ದವನನ್ನು ಎತ್ತುವ ನೆರವು. ಮುಪ್ಪಿನಲ್ಲಿ ಅರ್ಜಿ ಹಿಡಿದು, ಆದಾಯದ ದಾಖಲೆ ಹಿಡಿದು ಕಚೇರಿಯ ಮುಂದೆ ನಿಂತ ಮೇಲೆ ಸಿಗುವಂಥದು. ಲೇಖಕನಿಗೆ ನ್ಯಾಯವಾಗಿ ಬರಬೇಕಾದದ್ದು ಅವನ ದುಡಿಮೆಯ ಬೆಲೆ. ಆ ಬೆಲೆ ಕೊಡುವ ದಾರಿಯನ್ನು ಕರ್ನಾಟಕ 1965ರಲ್ಲೇ ಹಾಕಿಕೊಂಡಿದೆ. ಆ ವರ್ಷದ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಂತೆ ಮನೆ, ಜಾಗಗಳ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಬೈಲಹೊಂಗಲದಲ್ಲಿ ಮನೆಪಟ್ಟಿ ಕಟ್ಟುವ ಪ್ರತಿಯೊಬ್ಬರೂ, ಜೀವಮಾನದಲ್ಲಿ ಗ್ರಂಥಾಲಯದ ಮೆಟ್ಟಿಲು ಹತ್ತದವರೂ ಸೇರಿ, ಪುಸ್ತಕಕ್ಕೆಂದು ಹಣ ಕೊಟ್ಟಿದ್ದಾರೆ. ಸ್ಥಳೀಯ ಸಂಸ್ಥೆಗಳು ಈ ಕರವನ್ನು ಪೂರ್ತಿಯಾಗಿ ಗ್ರಂಥಾಲಯಗಳಿಗೆ ತಲುಪಿಸದೆ ಬಾಕಿ ಉಳಿಸಿಕೊಳ್ಳುತ್ತವೆ, ಇಲಾಖೆಯ ಪುಸ್ತಕ ಖರೀದಿ ವರ್ಷಗಟ್ಟಲೆ ತಡವಾಗುತ್ತದೆ ಎಂಬ ಪ್ರಕಾಶಕರ ದೂರು ಹಳೆಯದು. ಜನ ಓದುವುದಿಲ್ಲ, ಎಲ್ಲರ ಕೈಯಲ್ಲಿ ಮೊಬೈಲ್ ಬಂದಿದೆ, ಪುಸ್ತಕ ಕೊಂಡು ಕಪಾಟಿನಲ್ಲಿ ಗೆದ್ದಲಿಗೆ ಹಾಕಬೇಕೇ ಎಂದು ಕೇಳುವವರಿಗೆ ಹೇಳಬೇಕಾದ್ದು ಇಷ್ಟು: ಪುಸ್ತಕಕ್ಕೆಂದು ಜನರು ಕೊಟ್ಟ ರೊಕ್ಕವನ್ನು ಪುಸ್ತಕಕ್ಕೆ ಹಾಕಿದ ಮೇಲೆ ಆ ಪ್ರಶ್ನೆ ಕೇಳಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಕೂರುವ ಹುಡುಗ ಹುಡುಗಿಯರು ನಮ್ಮ ಕಣ್ಣೆದುರಿಗೇ ಇದ್ದಾರೆ. ಅವರು ಓದುವವರೇ. ಅವರ ಕೈಗೆಟುಕುವ ಕಪಾಟಿನಲ್ಲಿ ಏನಿದೆ ಎಂಬುದು ಮುಂದಿನ ಪ್ರಶ್ನೆ.

ಸಗಟು ಖರೀದಿಯಲ್ಲಿ ಕಸವೂ ಬರುತ್ತದೆ, ಖರೀದಿಗೆಂದೇ ಅಚ್ಚಾಗುವ ಪುಸ್ತಕಗಳಿವೆ ಎಂಬ ಆಕ್ಷೇಪ ನಿಜ. ಇದನ್ನು ಅಲ್ಲಗಳೆಯಲಾಗದು. ಅದಕ್ಕೆ ಪರಿಹಾರ ಖರೀದಿ ನಿಲ್ಲಿಸುವುದಲ್ಲ. ಆಯ್ಕೆಯನ್ನು ಓದುವವರ ಹತ್ತಿರ ತರುವುದು. ತಾಲೂಕಿನ ಶಿಕ್ಷಕರು, ಕಾಲೇಜಿನ ಅಧ್ಯಾಪಕರು, ಗ್ರಂಥಾಲಯಕ್ಕೆ ದಿನಾಲೂ ಬರುವ ಓದುಗರು ಕೂತು ಖರೀದಿಯ ಒಂದು ಪಾಲನ್ನು ತಾವೇ ಆರಿಸಲಿ, ಕೊಂಡ ಪುಸ್ತಕಗಳ ಪಟ್ಟಿಯನ್ನು ಗೋಡೆಗೆ ಅಂಟಿಸಲಿ. ಕಳಪೆ ಪುಸ್ತಕವನ್ನು ಯಾರು ಆರಿಸಿದರೆಂದು ಊರಿಗೆ ಗೊತ್ತಾದರೆ ಅರ್ಧ ರೋಗ ಅಲ್ಲೇ ಹೋಗುತ್ತದೆ. ಶಂಬಾ ಅವರಂಥ ಕಠಿಣ ಬರಹವನ್ನು ಹಳ್ಳಿಯಲ್ಲಿ ಯಾರು ಓದುತ್ತಾರೆ ಎಂಬ ಮಾತಿಗೂ ಉತ್ತರವಿದೆ. ಆರು ದಪ್ಪ ಸಂಪುಟಗಳನ್ನು ಪಂಚಾಯಿತಿ ಗ್ರಂಥಾಲಯಕ್ಕೆ ತಂದಿಟ್ಟರೆ ಯಾರೂ ಮುಟ್ಟಲಿಕ್ಕಿಲ್ಲ. ಆದರೆ ಊರ ಹೆಸರುಗಳ ಬಗ್ಗೆ, ಹಾಲುಮತದ ಬಗ್ಗೆ, ಎಲ್ಲರೂ ನಡೆದುಕೊಳ್ಳುವ ದೇವತೆಗಳ ಬಗ್ಗೆ ಅವರು ಬರೆದದ್ದರಿಂದ ನೂರು ಪುಟ ಆರಿಸಿ, ಕಠಿಣ ಜಾಗಗಳಿಗೆ ಟಿಪ್ಪಣಿ ಹಾಕಿ, ಇಂದಿನ ವಿದ್ವಾಂಸರು ಎಲ್ಲಿ ಒಪ್ಪುವುದಿಲ್ಲ ಎಂಬುದನ್ನೂ ಬದಿಯಲ್ಲಿ ಹೇಳಿ ಒಂದು ಪುಸ್ತಕ ಮಾಡಿದರೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಬರುವ ಕುಟುಂಬದ ಕಾಲೇಜು ಹುಡುಗಿಗೆ ಅದು ತನ್ನದೇ ಮನೆಯ ವಿಷಯವೆನಿಸುತ್ತದೆ. ತನ್ನ ಊರಿನ ಹೆಸರು, ತನ್ನ ಕುಲದ ಕಥೆ ಯಾರಿಗೆ ಬೇಡ?

ಈ ಕೆಲಸ ಮಾಡಲು ಬೇಕಾದವರೆಲ್ಲ ಇಲ್ಲೇ ಇದ್ದಾರೆ. ಬ್ರಿಟಿಷರ ಮೇಲೆ ಕಿತ್ತೂರಿನ ರಾಣಿ ಚೆನ್ನಮ್ಮ ಪಡೆದ 1824ರ ಅಕ್ಟೋಬರ್ 23ರ ಗೆಲುವಿನ ನೆನಪಿಗೆ ಪ್ರತಿ ವರ್ಷ ಕಿತ್ತೂರು ಉತ್ಸವ ನಡೆಯುತ್ತದೆ. ಸಾವಿರಾರು ಜನ ಸೇರುತ್ತಾರೆ, ಸರ್ಕಾರ ಹಣ ಕೊಡುತ್ತದೆ. ಆ ಹಣದಲ್ಲಿ ಒಂದು ಪಾಲು ಈ ಸೀಮೆಯ ಬರಹಗಾರರ ಪುಸ್ತಕಗಳ ಮರುಮುದ್ರಣಕ್ಕೆ, ಅವುಗಳನ್ನು ಉತ್ಸವದ ಮೂರೂ ದಿನ ಕೈಗೆಟುಕುವ ಬೆಲೆಗೆ ಮಾರುವುದಕ್ಕೆ ಹೋಗಬೇಕು. 2010ರಲ್ಲಿ ಬೆಳಗಾವಿಯಲ್ಲಿ ಶುರುವಾದ ವಿಶ್ವವಿದ್ಯಾಲಯಕ್ಕೆ ಚೆನ್ನಮ್ಮನ ಹೆಸರೇ ಇದೆ. ಶಂಬಾ ಅವರಿಗೆ ಬದುಕಿದ್ದಾಗ ಸಿಗದ ವಿದ್ಯಾರ್ಥಿಗಳನ್ನು ಅದು ಈಗಲೂ ಕೊಡಬಹುದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಒಂದೊಂದು ಹಳ್ಳಿಯ, ಹೊಲದ, ಹಳ್ಳದ, ಹಾಳೂರಿನ ಹೆಸರನ್ನೂ ಹಿರಿಯರ ಬಾಯಿಂದ ಕೇಳಿ ಬರೆದುಕೊಂಡು, ಶಾಸನಗಳಲ್ಲಿರುವ ಹಳೆಯ ರೂಪಗಳ ಜೊತೆ ಇಟ್ಟು, ಮಾಸ್ತರರ ಊಹೆಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ನೋಡುವ ಕೆಲಸವನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಹಂಚಿದರೆ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ತಡಮಾಡುವಂತಿಲ್ಲ, ಹೊಲಗಳು ನಿವೇಶನಗಳಾಗಿ ಬಡಾವಣೆಗಳಿಗೆ ಹೊಸ ಹೆಸರು ಬರುತ್ತಿರುವಾಗ ಹಳೆಯ ಹೆಸರು ಗೊತ್ತಿರುವ ತಲೆಮಾರು ಮುಗಿಯುತ್ತಿದೆ. ಇದಕ್ಕೆಲ್ಲ ಅಂದಾಜುಪಟ್ಟಿ ಬರೆಯುವಾಗ ಒಂದು ಸಾಲನ್ನು ಮರೆಯಬಾರದು. ನಮ್ಮ ಕಾನೂನಿನಲ್ಲಿ ಗ್ರಂಥಸ್ವಾಮ್ಯ ಲೇಖಕ ತೀರಿಕೊಂಡ ನಂತರ 60 ವರ್ಷ ಇರುತ್ತದೆ. ಶಂಬಾ ಅವರ ಬರಹಗಳ ಮೇಲಿನ ಹಕ್ಕು 2051ರ ಕೊನೆಯವರೆಗೂ ಜೀವಂತ. ಆದ್ದರಿಂದ ಮರುಮುದ್ರಣಕ್ಕೆ ಹಕ್ಕುದಾರರ ಒಪ್ಪಿಗೆ ಪಡೆಯಬೇಕು. ಮಾರಾಟವಾದ ಪ್ರತಿಯೊಂದು ಪ್ರತಿಗೂ ಗೌರವಧನ ಲೆಕ್ಕ ಹಾಕಿ, ಕಾಗದದವನಿಗೆ, ಮುದ್ರಕನಿಗೆ, ಪೆಂಡಾಲಿನವನಿಗೆ ಕೊಡುವ ದಿನವೇ ಅದನ್ನೂ ಕೊಡಬೇಕು.